ಸದ್ದು ಮೇಲಿನದು, ಅಪಾಯ ಕೆಳಗಿನದು: ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಬಾಲ್ ಜಾಯಿಂಟ್ ಪ್ರಕರಣ

ಕಾರು ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರದು. 1960ರ ದಶಕದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಹೊದಿಕೆ ಹೊದಿಸಿ ಪ್ರದರ್ಶನಕ್ಕೆ ಇಟ್ಟ ಗಾಡಿಯಲ್ಲ. ಅವರು ಅದರಲ್ಲೇ ಮಾರ್ಕೆಟ್ಟಿಗೆ ಹೋಗುತ್ತಾರೆ, ನಂಜನಗೂಡಿಗೆ ಹೋಗಿಬರುತ್ತಾರೆ. ಅವರು ಹೇಳಿಕೊಂಡ ತೊಂದರೆ ಮೂರು. ಹಂಪ್ ಇಳಿಯುವಾಗ ಎಡ ಮುಂಚಕ್ರದ ಕಡೆಯಿಂದ ಟಕ್ ಎಂದು ಒಂದು ಸದ್ದು. ನೇರ ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದರೆ ಕಾರು ಒಂದೇ ಗೆರೆಯಲ್ಲಿ ಹೋಗದೆ ಹೊಯ್ದಾಡುವುದು. ಎಡ ಟೈರಿನ ಒಳಅಂಚು ಮಾತ್ರ ಬೇಗ ಬೋಳಾಗುವುದು.

ಈ ಮೂರೂ ಲಕ್ಷಣಗಳ ಮೂಲ ಒಂದೇ, ಮೇಲಿನ ಬಾಲ್ ಜಾಯಿಂಟ್, ಅಂದರೆ ಗೂಡಿನೊಳಗೆ ಗುಂಡು ತಿರುಗುವಂಥ ಕೀಲು. ಅದನ್ನು ಬದಲಾಯಿಸಿದ್ದರೆ ಮೂರೂ ಹೋಗುತ್ತಿದ್ದವು, ಮೇಷ್ಟ್ರು ಖುಷಿಯಾಗಿ ಕಾರು ತೆಗೆದುಕೊಂಡು ಹೋಗುತ್ತಿದ್ದರು. ಅದೇ ಚಕ್ರವನ್ನು ಕೆಳಗೆ ಹಿಡಿದಿದ್ದ, ಬಿರುಕು ಬಿಟ್ಟಿದ್ದ ಉಕ್ಕು ಮಾತ್ರ ಹಾಗೇ ಉಳಿದು, ಯಾವುದಾದರೂ ಒಂದು ತಿರುವಿನಲ್ಲಿ ಎರಡು ತುಂಡಾಗುತ್ತಿತ್ತು. ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿರುವುದು ಅದಕ್ಕೇ.

ಗಾಡಿಯ ಹಿನ್ನೆಲೆ

ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನಲ್ಲಿ 1959ರಲ್ಲಿ ಬಂತು. ಮೈಕಟ್ಟು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ಅವರ ಕೈಯದು. 1961ರಿಂದ ಅದೇ ಕಾರನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 948 ಸಿಸಿ ಎಂಜಿನ್ ಹಾಕಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸಿತು. 1968ರಲ್ಲಿ ನಾಲ್ಕು ಬಾಗಿಲಿನದು ಬಂತು, 1972ರಲ್ಲಿ ಗಜೆಲ್ ಎಂಬ ಮಾದರಿ. ಅಂಬಾಸಿಡರ್ ಮತ್ತು ಫಿಯೆಟ್ ತುಂಬಿದ್ದ ಕಾಲದಲ್ಲಿ ದಕ್ಷಿಣದ ಊರುಗಳಲ್ಲಿ ವೈದ್ಯರು, ವಕೀಲರು, ಅಧ್ಯಾಪಕರು ಇಷ್ಟಪಟ್ಟು ಇಟ್ಟುಕೊಂಡ ಕಾರು ಇದು.

ರಿಪೇರಿ ಮಾಡುವವನಿಗೆ ಇಷ್ಟು ಅನುಕೂಲ ಮಾಡಿಕೊಟ್ಟ ಕಾರು ಮತ್ತೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ವಾಲುತ್ತದೆ. ಟೈರಿನ ಮೇಲೆ ಕೂತುಕೊಂಡು ಎಂಜಿನ್, ಸಸ್ಪೆನ್ಷನ್, ಸ್ಟೀರಿಂಗ್ ಎಲ್ಲವನ್ನೂ ಕಣ್ಣೆದುರಿಗೇ ಇಟ್ಟುಕೊಂಡು ಕೆಲಸ ಮಾಡಬಹುದು. ಚಾಸಿ ಬೇರೆ, ಬಾಡಿ ಬೇರೆ. 25 ಅಡಿ ವ್ಯಾಸದ ವೃತ್ತದಲ್ಲಿ ಇಡೀ ಕಾರು ತಿರುಗಿಬಿಡುತ್ತದೆ. ಈ ಕೊನೆಯ ಗುಣ ನೆನಪಿರಲಿ. ಚಕ್ರ ಇಷ್ಟು ತಿರುಗಬೇಕಾದರೆ ಅದನ್ನು ಹಿಡಿದುಕೊಂಡಿರುವ ಜಾಯಿಂಟುಗಳೂ ಅಷ್ಟೇ ತಿರುಗಬೇಕು.

ಮೊದಲು ನಡೆದ ರಿಪೇರಿಗಳು

ನಮ್ಮ ಕೈಗೆ ಬರುವ ಮೊದಲು ಕಾರು ಬೇರೊಂದು ಗ್ಯಾರೇಜಿಗೆ ಹೋಗಿ ಬಂದಿತ್ತು. ಅಲ್ಲಿ ಶಾಕ್ ಅಬ್ಸಾರ್ಬರ್ ಬದಲಾಯಿಸಿದ್ದರು, ಚಕ್ರವನ್ನು ಚಾಸಿಗೆ ಸೇರಿಸುವ ಕವೆ ತೋಳಾದ ಮೇಲಿನ ವಿಶ್‌ಬೋನಿನ ರಬ್ಬರ್ ಬುಷ್ ಹಾಕಿದ್ದರು, ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್ ಎಂಡ್ ಹೊಸದು ಹಾಕಿದ್ದರು, ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದ್ದರು. ಸದ್ದು ಸ್ವಲ್ಪ ಕಡಿಮೆಯಾದಂತೆ ಅನ್ನಿಸಿ ಮತ್ತೆ ಬಂದಿತ್ತು.

ಈ ಕೆಲಸಗಳಲ್ಲಿ ಎರಡು ವಿಷಯ ಗಮನಿಸಬೇಕು. ಚಕ್ರ ಅಲ್ಲಾಡುತ್ತದೆ ಎಂದು ಚಕ್ರದ ನಡುವಿನ ಹಬ್ಬಿನ ನಟ್ಟನ್ನು ಬಿಗಿಯಾಗಿ ತಿರುಗಿಸಿಬಿಟ್ಟಿದ್ದರು. ಹೆರಾಲ್ಡಿನ ಮುಂದಿನ ಹಬ್ಬಿನಲ್ಲಿರುವುದು ಟೇಪರ್ ರೋಲರ್ ಬೇರಿಂಗು. ಅದಕ್ಕೆ ಕೂದಲೆಳೆಯಷ್ಟು ಆಟ, ಅಂದರೆ ಸಡಿಲ, ಇರಲೇಬೇಕು. ಬಿಗಿದರೆ ಬೇರಿಂಗು ಕಾಯುತ್ತದೆ. ಇನ್ನೊಂದು, ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಕಾರು ಜಾಕಿಯ ಮೇಲಿದ್ದು ಚಕ್ರ ನೇತಾಡುತ್ತಿರುವಾಗಲೇ ಟೈಟ್ ಮಾಡಿದ್ದರು. ಆ ಬುಷ್ಷಿನಲ್ಲಿ ಬೋಲ್ಟಿನ ಸುತ್ತ ಏನೂ ಜಾರುವುದಿಲ್ಲ, ರಬ್ಬರೇ ತಿರುಚಿಕೊಂಡು ಚಲನೆಗೆ ಅವಕಾಶ ಕೊಡುತ್ತದೆ. ಚಕ್ರ ನೇತಾಡುವ ಸ್ಥಿತಿಯಲ್ಲಿ ಬಿಗಿದರೆ ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡೇ ಇರುತ್ತದೆ. ನಾವು ನೋಡುವಷ್ಟರಲ್ಲಿ ಹೊಸ ಬುಷ್ಷುಗಳ ಅಂಚು ಹರಿಯಲು ಶುರುವಾಗಿತ್ತು.

ಪರೀಕ್ಷೆ

ಕಾರನ್ನು ಜಾಕಿಯಲ್ಲಿ ಎತ್ತಿ, ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಇನ್ನೊಂದು ಜಾಕಿಯನ್ನು ಕೆಳಗಿನ ವಿಶ್‌ಬೋನಿನ ಹೊರತುದಿಗೆ ತಾಗಿಸಿದೆವು. ಮೇಸ್ತ್ರಿ ಚಕ್ರದ ನೆತ್ತಿ ಒಂದು ಕೈಯಲ್ಲಿ, ಬುಡ ಇನ್ನೊಂದು ಕೈಯಲ್ಲಿ ಹಿಡಿದು ಒಳಗೂ ಹೊರಗೂ ಅಲ್ಲಾಡಿಸಿದರು. ಟಕ್ ಎಂದಿತು. ಇಲ್ಲಿಗೇ ತೀರ್ಮಾನಕ್ಕೆ ಬರಬಾರದು. ಮೇಷ್ಟ್ರನ್ನು ಕಾರಿನೊಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿದೆವು. ಬ್ರೇಕ್ ಒತ್ತಿದಾಗ ಚಕ್ರದ ಜೊತೆ ತಿರುಗುವ ಡ್ರಮ್ಮೂ ತಿರುಗದ ಬ್ಯಾಕ್ ಪ್ಲೇಟೂ ಒಂದಾಗುತ್ತವೆ, ಬೇರಿಂಗಿನ ಆಟ ಇದ್ದರೆ ಅದು ಮಾಯವಾಗುತ್ತದೆ. ಆಮೇಲೂ ಚಕ್ರದ ನೆತ್ತಿ ಅಷ್ಟೇ ಅಲ್ಲಾಡಿತು. ಅಂದರೆ ಬೇರಿಂಗು ಇದಕ್ಕೆ ಕಾರಣವಲ್ಲ.

ಬಾಲ್ ಜಾಯಿಂಟಿನ ಗೂಡು ಮತ್ತು ಚಕ್ರದ ಹಿಂದೆ ನೆಟ್ಟಗೆ ನಿಂತ ವರ್ಟಿಕಲ್ ಲಿಂಕಿನ ತಲೆ ಸೇರುವ ಜಾಗದಲ್ಲಿ ನಾನು ಬೆರಳಿಟ್ಟೆ. ಚಕ್ರ ಅಲ್ಲಾಡಿದಾಗಲೆಲ್ಲ ಎರಡರ ನಡುವಿನ ಸಂದು ಹಿಗ್ಗಿ ಕುಗ್ಗುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ರಬ್ಬರ್ ಬೂಟು ಒಂದು ಕಡೆ ಸೀಳಿತ್ತು. ಒಳಗಿನ ಗ್ರೀಸು ಮಣ್ಣಿನ ಜೊತೆ ಸೇರಿ ಕಂದು ಬಣ್ಣದ ಅಂಟಾಗಿತ್ತು. ಬಲಗಡೆಯೂ ಸವೆತ ಇತ್ತು, ಆದರೆ ಕಡಿಮೆ.

"ಸಾರ್, ಮೇಲಿಂದು ಹೋಗಿದೆ, ಅದು ಖಂಡಿತ. ಕೆಳಗಿಂದು ಬಿಚ್ಚಿ ನೋಡದೆ ನಾನು ಚಕ್ರ ಹಾಕಲ್ಲ," ಎಂದರು ಮೇಸ್ತ್ರಿ.

"ಕೆಳಗೆ ಸದ್ದೇ ಇಲ್ವಲ್ಲ ಮೇಸ್ತ್ರಿ?"

"ಅದಕ್ಕೇ ಸಾರ್ ಬಿಚ್ಚಬೇಕು ಅಂದಿದ್ದು."

ಮೇಲೊಂದು, ಕೆಳಗೊಂದು

ಹೆರಾಲ್ಡಿನ ಮುಂದಿನ ಪ್ರತಿ ಚಕ್ರದ ಹಿಂದೆ ನೆಟ್ಟಗೆ ನಿಂತ ಒಂದು ಉಕ್ಕಿನ ತುಂಡಿದೆ, ಅದೇ ವರ್ಟಿಕಲ್ ಲಿಂಕ್. ಅದರ ತಲೆ ಬಾಲ್ ಜಾಯಿಂಟಿನ ಮೂಲಕ ಮೇಲಿನ ವಿಶ್‌ಬೋನಿಗೆ ಸೇರುತ್ತದೆ. ಬುಡದಲ್ಲಿ ಬಾಲ್ ಜಾಯಿಂಟ್ ಇಲ್ಲ. ಅಲ್ಲಿ ಲಿಂಕಿಗೆ ಥ್ರೆಡ್ ಕೊರೆದಿದ್ದಾರೆ, ಆ ಥ್ರೆಡ್ ಟ್ರನಿಯನ್ ಎಂಬ ಕಂಚಿನ ಗೂಡಿನೊಳಗೆ ಕೂರುತ್ತದೆ. ಟ್ರನಿಯನ್ನಿಗೆ ಅಡ್ಡಲಾಗಿ ಹೋಗುವ ಬೋಲ್ಟು ಅದನ್ನು ಕೆಳಗಿನ ವಿಶ್‌ಬೋನಿಗೆ ಹಿಡಿದಿಡುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಲಿಂಕು ಆ ಕಂಚಿನೊಳಗೆ ತಿರುಪಿನಂತೆ ತಿರುಗುತ್ತದೆ. ಎಡಗಡೆಯ ಥ್ರೆಡ್ಡೂ ಬಲಗಡೆಯ ಥ್ರೆಡ್ಡೂ ಒಂದಕ್ಕೊಂದು ಉಲ್ಟಾ.

ಸ್ಪ್ರಿಂಗು ಕೂತಿರುವುದು ಕೆಳಗಿನ ವಿಶ್‌ಬೋನಿನ ಮೇಲೆ. ಹೀಗಾಗಿ ಕಾರಿನ ಮುಂಭಾಗದ ತೂಕವೆಲ್ಲ ಸ್ಪ್ರಿಂಗಿನಿಂದ ಕೆಳಗಿನ ವಿಶ್‌ಬೋನಿಗೆ, ಅಲ್ಲಿಂದ ಟ್ರನಿಯನ್ನಿಗೆ, ಅಲ್ಲಿಂದ ವರ್ಟಿಕಲ್ ಲಿಂಕಿಗೆ, ಕೊನೆಗೆ ಚಕ್ರಕ್ಕೆ ಹೋಗುತ್ತದೆ. ಮೇಲಿನ ಬಾಲ್ ಜಾಯಿಂಟ್ ತೂಕ ಹೊರುವುದಿಲ್ಲ, ಚಕ್ರ ಒಳಗೋ ಹೊರಗೋ ವಾಲದಂತೆ ತಡೆಯುತ್ತದೆ ಅಷ್ಟೆ. ತೂಕದ ಒತ್ತಡ ಇಲ್ಲದ ಜಾಯಿಂಟು ಸವೆದರೆ ಗಡಗಡ ಆಡುತ್ತದೆ, ಸದ್ದು ಮಾಡುತ್ತದೆ. ತೂಕ ಹೊತ್ತ ಜಾಯಿಂಟು ಸವೆದರೂ, ಬಿರುಕು ಬಿಟ್ಟರೂ, ಭಾರಕ್ಕೆ ಒತ್ತಿಕೊಂಡು ಸುಮ್ಮನಿರುತ್ತದೆ. ಈ ಕಾರಿನಲ್ಲಿ ಕಿವಿಯನ್ನು ನಂಬಿ ಕೆಲಸ ಮಾಡಬಾರದು ಎಂದು ನಾನು ಒತ್ತಿ ಹೇಳುವುದು ಇದರಿಂದಲೇ.

ಬಿಚ್ಚುವ ಕೆಲಸ

ಇಲ್ಲಿನ ಬೋಲ್ಟುಗಳೆಲ್ಲ ಇಂಚಿನ ಲೆಕ್ಕದವು. ಅರ್ಧ ಇಂಚಿನ ತಲೆ ಎಂದರೆ 12.7 ಮಿಲಿಮೀಟರ್, 13ರ ಪಾನಾ ಹಾಕಿದರೆ ಕೂತಂತೆ ಕಾಣುತ್ತದೆ, ಬಲ ಹಾಕಿದಾಗ ಜಾರಿ ಮೂಲೆ ಸವೆಸುತ್ತದೆ. 9/16 ಇಂಚಿಗೆ 14 ಹಿಡಿಸುವುದಿಲ್ಲ, 15 ಸಡಿಲ. 3/4 ಇಂಚಿಗೆ ಮಾತ್ರ 19 ಸರಿಯಾಗಿ ಕೂರುತ್ತದೆ. ಹಿಂದಿನ ಗ್ಯಾರೇಜಿನಲ್ಲಿ ಮಿಲಿಮೀಟರ್ ಪಾನಾಗಳಲ್ಲೇ ಕೆಲಸ ನಡೆದಿತ್ತು ಎಂಬುದಕ್ಕೆ ಗುಂಡಗಾದ ಬೋಲ್ಟ್ ತಲೆಗಳೇ ಸಾಕ್ಷಿ. ಹಳೆಯ ಇಂಗ್ಲಿಷ್ ಕಾರು ಇಟ್ಟುಕೊಂಡವರು ಬೇರೇನೂ ಇಲ್ಲದಿದ್ದರೂ ಒಂದು ಸೆಟ್ ಇಂಚಿನ ಪಾನಾ ಇಟ್ಟುಕೊಳ್ಳಬೇಕು.

ಬಾಲ್ ಜಾಯಿಂಟಿನ ಪಿನ್ನು ಟೇಪರ್, ಅಂದರೆ ತುದಿಗೆ ಸಣ್ಣಗಾಗುತ್ತ ಹೋಗುವ, ಆಕಾರದ್ದು, ಲಿಂಕಿನ ತಲೆಯ ರಂಧ್ರದಲ್ಲಿ ಬೆಣೆಯಂತೆ ಕಚ್ಚಿಕೊಂಡಿರುತ್ತದೆ. ನಟ್ಟು ಬಿಚ್ಚಿದ ಮಾತ್ರಕ್ಕೆ ಹೊರಗೆ ಬರುವುದಿಲ್ಲ. ಕವೆಗೋಲಿನ ಆಕಾರದ ಫೋರ್ಕನ್ನು ನಡುವೆ ತೂರಿಸಿ ಹೊಡೆಯುವುದು ಸಾಮಾನ್ಯ ಪದ್ಧತಿ. ಅದರಿಂದ ಬೂಟು ಹರಿಯುತ್ತದೆ. ಈ ಜಾಯಿಂಟು ಹೇಗೂ ಎಸೆಯುವುದಾದರೂ ಟೈ ರಾಡ್ ಎಂಡಿನದು ಹೊಸದು, ಅದನ್ನು ಕೆಡಿಸುವಂತಿರಲಿಲ್ಲ. ಮೇಸ್ತ್ರಿ ಎರಡು ಸುತ್ತಿಗೆಯ ಉಪಾಯ ಮಾಡಿದರು. ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕೈದು ಸುತ್ತು ಸಡಿಲ ಬಿಟ್ಟು, ಲಿಂಕಿನ ಕಣ್ಣಿನ ಒಂದು ಮಗ್ಗುಲಿಗೆ ಭಾರದ ಸುತ್ತಿಗೆ ಒತ್ತಿ ಹಿಡಿದು, ಎದುರು ಮಗ್ಗುಲಿಗೆ ಇನ್ನೊಂದರಿಂದ ಚುರುಕಾಗಿ ಒಂದು ಏಟು. ಕಣ್ಣು ಕ್ಷಣಮಾತ್ರ ಅಮುಕಿಕೊಂಡು ಪಿನ್ನನ್ನು ಬಿಟ್ಟುಕೊಡುತ್ತದೆ. ಏಟು ಬೀಳಬೇಕಾದ್ದು ಕಣ್ಣಿನ ಮಗ್ಗುಲಿಗೆ, ಪಿನ್ನಿನ ತುದಿಗಲ್ಲ. ನಟ್ಟು ಅಲ್ಲೇ ಇರುವುದರಿಂದ ಜಾಯಿಂಟು ಹಾರಿ ಮುಖಕ್ಕೆ ಬಡಿಯುವುದಿಲ್ಲ.

ವಿಶ್‌ಬೋನಿನ ಎರಡು ತೋಳುಗಳ ನಡುವೆ ಜಾಯಿಂಟನ್ನು ಹಿಡಿದ ಎರಡು ಬೋಲ್ಟು ತೆಗೆದರೆ ಅದು ಕೈಗೆ ಬರುತ್ತದೆ. ಸ್ಪ್ರಿಂಗ್ ಅಮುಕುವ ಅಪಾಯದ ಕೆಲಸ ಇಲ್ಲವೇ ಇಲ್ಲ. ಕೈಯಲ್ಲಿ ಹಿಡಿದ ಹಳೆಯ ಜಾಯಿಂಟಿನ ಪಿನ್ನು ಬೆರಳ ತುದಿಯಿಂದ ತಳ್ಳಿದರೆ ಅತ್ತಿತ್ತ ಬೀಳುತ್ತಿತ್ತು. ಹೊಸದರ ಪಿನ್ನು ಕೈಬಲ ಹಾಕಿದರೆ ಮಾತ್ರ ನಿಧಾನವಾಗಿ ಮಣಿಯುತ್ತದೆ.

ಕೆಳಗೆ ಕಂಡದ್ದು

ಮೇಲಿನ ಜಾಯಿಂಟೂ ಟೈ ರಾಡೂ ಬೇರ್ಪಟ್ಟ ಮೇಲೆ ಇಡೀ ಹಬ್ಬನ್ನು ಟ್ರನಿಯನ್ನಿನ ಮೇಲೆ ಕೈಯಿಂದಲೇ ತಿರುಗಿಸಿ ನೋಡಬಹುದು. ಎಣ್ಣೆ ಹಾಕಿ ಇಟ್ಟ ಟ್ರನಿಯನ್ ಎರಡೂ ಕಡೆಗೆ ನಯವಾಗಿ ತಿರುಗುತ್ತದೆ. ಬಲಗಡೆಯದು ಬಿಗಿ ಅನ್ನಿಸಿದರೂ ತಿರುಗಿತು. ಎಡಗಡೆಯದು ಅರ್ಧದವರೆಗೆ ಬಂದು, ಮುಂದೆ ಕರಕರ ಎಂದು ನಿಂತಿತು.

ಟ್ರನಿಯನ್ನಿನ ಪಕ್ಕದಲ್ಲಿ ಗ್ರೀಸ್ ನಿಪ್ಪಲ್ ಇತ್ತು. ಇಡೀ ಪ್ರಕರಣದ ಬೇರು ಆ ನಿಪ್ಪಲ್‌. ಕಂಪನಿ ಹೇಳಿದ್ದು ಟ್ರನಿಯನ್ನಿಗೆ ಗೇರ್ ಎಣ್ಣೆ, ನಮ್ಮ ಗ್ಯಾರೇಜುಗಳ ಮಾತಿನಲ್ಲಿ ನೈಂಟಿ ಆಯಿಲ್, ಪ್ರತಿ 6,000 ಮೈಲಿಗೊಮ್ಮೆ. ಆದರೆ ನಿಪ್ಪಲ್ ಕಂಡ ಯಾವ ಸರ್ವಿಸ್ ಹುಡುಗನಾದರೂ ಗ್ರೀಸ್ ಗನ್ನನ್ನೇ ಹಚ್ಚುತ್ತಾನೆ. ಅವನ ತಪ್ಪೂ ಅಲ್ಲ. ಗ್ರೀಸು ಥ್ರೆಡ್ಡಿನ ಸಂದಿಗಳಲ್ಲಿ ಎಣ್ಣೆಯ ಹಾಗೆ ಹರಿಯುವುದಿಲ್ಲ. ಒಂದೆಡೆ ಕೂತು ವರ್ಷಗಳಲ್ಲಿ ಮೇಣದಂತೆ ಗಟ್ಟಿಯಾಗುತ್ತದೆ, ಹೊಸ ಗ್ರೀಸಿಗೂ ದಾರಿ ಬಿಡುವುದಿಲ್ಲ. ಮಳೆಗಾಲದಲ್ಲಿ ಮೇಲಿನ ಸೀಲಿನ ಮೂಲಕ ನೀರು ಇಳಿಯುತ್ತದೆ. ಕಂಚಿಗೆ ಏನೂ ಆಗುವುದಿಲ್ಲ, ಉಕ್ಕಿನ ಥ್ರೆಡ್ ತುಕ್ಕು ಹಿಡಿಯುತ್ತದೆ. ತುಕ್ಕಿನಿಂದ ಬಿಗಿಯಾದ ಲಿಂಕನ್ನು ಪ್ರತಿ ತಿರುವಿನಲ್ಲೂ ಸ್ಟೀರಿಂಗು ಬಲವಂತವಾಗಿ ತಿರುಚುತ್ತದೆ. ತಿರುಗಬೇಕಾದದ್ದು ತಿರುಚಿಕೊಳ್ಳತೊಡಗಿದರೆ ಉಕ್ಕು ದಣಿಯುತ್ತದೆ. ಟ್ರನಿಯನ್ನಿನ ಬಾಯಿಯ ಹತ್ತಿರ, ಥ್ರೆಡ್ ಶುರುವಾಗುವ ಕಡೆ, ಕೂದಲೆಳೆ ಬಿರುಕು ಬೀಳುತ್ತದೆ. ಈ ಕಾರುಗಳಲ್ಲಿ ಲಿಂಕು ಮುರಿಯುವುದು ಸಾಮಾನ್ಯವಾಗಿ ಅದೇ ಜಾಗದಲ್ಲಿ, ಹೆಚ್ಚಾಗಿ ನಿಧಾನವಾಗಿ ಹೋಗುತ್ತ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ. ಮುರಿದರೆ ಚಕ್ರ ಮಡಚಿಕೊಂಡು ಮಲಗುತ್ತದೆ.

ಡ್ರಮ್ಮು ತೆಗೆದು, ಬ್ಯಾಕ್ ಪ್ಲೇಟನ್ನು ಬಿಚ್ಚಿ, ಬ್ರೇಕ್ ಹೋಸಿನ ಮೇಲೆ ಭಾರ ಬೀಳದಂತೆ ತಂತಿಯಿಂದ ಚಾಸಿಗೆ ಕಟ್ಟಿದೆವು. ಲಿಂಕನ್ನು ಟ್ರನಿಯನ್ನಿನಿಂದ ಬಿಡಿಸಲು ಸೀಮೆಎಣ್ಣೆಯಲ್ಲಿ ನೆನೆಸಿಡಬೇಕಾಯಿತು. ಹೊರಬಂದ ಥ್ರೆಡ್ಡಿನ ಕೆಳಭಾಗ ಹಳದಿ ಗ್ರೀಸಿನಲ್ಲಿ ಹೊಳೆಯುತ್ತಿತ್ತು. ಮೇಲಿನ ಮೂರ್ನಾಲ್ಕು ಸುತ್ತು ಮಾತ್ರ ಒಣಗಿ, ಕೆಂಪಾಗಿ, ಗುಳಿಬಿದ್ದಿದ್ದವು.

ಬಿರುಕನ್ನು ಬರಿಗಣ್ಣಿನಲ್ಲಿ ಹುಡುಕುವುದು ವ್ಯರ್ಥ. ಬೆಂಗಳೂರಿನ ಪೀಣ್ಯದಲ್ಲಿ ಡೈ ಪರೀಕ್ಷೆ ಮಾಡುವ ಒಂದು ಚಿಕ್ಕ ವರ್ಕ್‌ಶಾಪಿಗೆ ಎರಡೂ ಲಿಂಕುಗಳನ್ನು ಕೊಂಡೊಯ್ದೆವು. ವಿಧಾನ ಸರಳ. ಲೋಹವನ್ನು ಚೆನ್ನಾಗಿ ತೊಳೆದು ಕೆಂಪು ದ್ರವ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಮೇಲ್ಮೈಯನ್ನು ಒರೆಸಿ, ಆಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆಯುತ್ತಾರೆ. ಬಿರುಕಿನೊಳಗೆ ಇಳಿದಿದ್ದ ಕೆಂಪು ಬಿಳಿಯ ಮೇಲೆ ಒಸರುತ್ತದೆ. ಬಲಗಡೆಯ ಲಿಂಕು ಬಿಳಿಯಾಗೇ ಉಳಿಯಿತು. ಎಡಗಡೆಯದರಲ್ಲಿ ಮೊದಲನೆಯ ಥ್ರೆಡ್ಡಿನ ತಳದುದ್ದಕ್ಕೂ, ಸುತ್ತಳತೆಯ ಕಾಲುಭಾಗದಷ್ಟು, ತೆಳ್ಳನೆಯ ಕೆಂಪು ಗೆರೆ ನಿಧಾನವಾಗಿ ಮೂಡಿತು. ಮೇಷ್ಟ್ರು ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ಮೊಮ್ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ ಕಾರು ಅದು.

ಸಾಮಾನು ಹುಡುಕಾಟ

ಮೇಲಿನ ಬಾಲ್ ಜಾಯಿಂಟು ಸಿಗುವುದು ಕಷ್ಟವಲ್ಲ. ಸ್ಪಿಟ್‌ಫೈರ್ ಮೊದಲಾದ ಟ್ರಯಂಫ್ ಕಾರುಗಳಿಗೂ ಇದೇ ಜಾಯಿಂಟು ಇದ್ದುದರಿಂದ ಇಂಗ್ಲೆಂಡಿನಲ್ಲಿ ಇಂದಿಗೂ ಹೊಸದು ತಯಾರಾಗುತ್ತದೆ. ಟ್ರಯಂಫಿನ ವರ್ಟಿಕಲ್ ಲಿಂಕಿನ ವಿನ್ಯಾಸವನ್ನು ಲೋಟಸ್‌ನವರೂ ಇಲಾನ್ ಕಾರಿಗೆ ಬಳಸಿಕೊಂಡರು; ವಿನ್ಯಾಸದಲ್ಲಿ ದೋಷವಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಎಣ್ಣೆ ಕಂಡರೆ ಅದು ದಶಕಗಳ ಕಾಲ ಬಾಳುತ್ತದೆ. ಬಾಲ್ ಜಾಯಿಂಟುಗಳನ್ನೂ ಟ್ರನಿಯನ್ನುಗಳನ್ನೂ ಎರಡೂ ಕಡೆಗೆ ತರಿಸಿದೆವು.

ಲೇತ್ ಅಂಗಡಿಯಲ್ಲಿ ಹಳೆಯ ಬಾಲ್ ಜಾಯಿಂಟನ್ನೇ ಬಿಚ್ಚಿ, ಹೊಸ ಸೀಟು ಕೂರಿಸಿ, ಮುಚ್ಚಳ ವೆಲ್ಡ್ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವೆಲ್ಡಿಂಗಿನ ಬಿಸಿಗೆ ಒಳಗಿನ ಸೀಟೂ ಉಳಿಯದು, ಗುಂಡಿನ ಗಡಸುತನವೂ ಉಳಿಯದು. ಹೊಸದು ಸಿಗುವಾಗ ಆ ಸಾಹಸ ಬೇಡ.

ಎಡ ಲಿಂಕಿಗೆ ಚೆನ್ನೈಯ ಪುದುಪೇಟೆಯ ಹಳೆ ಸಾಮಾನಿನ ಅಂಗಡಿಗಳನ್ನು ಅಲೆದೆವು. ಅಂಗಡಿಯವರು ಮೊದಲು ಕೊಟ್ಟದ್ದು ಬಲಗಡೆಯದು. ನೋಡಲು ಎರಡೂ ಒಂದೇ ಥರ. ಥ್ರೆಡ್ ಯಾವ ಕಡೆಗೆ ಏರುತ್ತದೆ ಎಂದು ನೋಡಿದರೆ ಮಾತ್ರ ತಿಳಿಯುತ್ತದೆ. ಕೊನೆಗೆ ಸಿಕ್ಕ ಎಡಗಡೆಯದನ್ನು ಮತ್ತೆ ಪೀಣ್ಯದಲ್ಲಿ ಪರೀಕ್ಷೆ ಮಾಡಿಸಿದ ಮೇಲೇ ಒಪ್ಪಿಕೊಂಡೆವು. ಹಬ್ಬು ಕೂರುವ ಸ್ಟಬ್ ಆಕ್ಸಲ್‌ಗೂ ಅದೇ ಪರೀಕ್ಷೆ ಆಯಿತು.

ಜೋಡಣೆ

ಲಿಂಕನ್ನು ಹೊಸ ಟ್ರನಿಯನ್ನಿನೊಳಗೆ ಎಣ್ಣೆಯಲ್ಲಿ ಅದ್ದಿ ಪೂರ್ತಿ ತಿರುಗಿಸಿ ಕೂರಿಸಿ, ಬಳಿಕ ಒಂದು ಸುತ್ತಿಗಿಂತ ಹೆಚ್ಚಾಗದಂತೆ ಹಿಂದಕ್ಕೆ ತಂದು ಜೋಡಿಸಬೇಕು. ಪೂರ್ತಿ ಬಿಗಿದೇ ಬಿಟ್ಟರೆ ಸ್ಟೀರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿದಾಗ ಥ್ರೆಡ್ ತಳ ಮುಟ್ಟುತ್ತದೆ, ಮತ್ತೆ ಅದೇ ತಿರುಚುವಿಕೆ. ಜೋಡಿಸಿದ ಮೇಲೆ ಕೈಯಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಿರುಗಿಸಿ ಎಲ್ಲೂ ತಡೆಯಿಲ್ಲ ಎಂದು ಖಾತ್ರಿ ಮಾಡಿಕೊಂಡೆವು. ಮೇಲಿನ ಸೀಲಿನಿಂದ ಎಣ್ಣೆ ಒಸರುವವರೆಗೂ ನೈಂಟಿ ಆಯಿಲ್ ತುಂಬಿದೆವು. ಆ ಒಸರು ಕಂಡರೇ ಮೇಲಿನ ಥ್ರೆಡ್ಡಿಗೂ ಎಣ್ಣೆ ತಲುಪಿದೆ ಎಂದರ್ಥ.

ಹೊಸ ಬಾಲ್ ಜಾಯಿಂಟಿನ ಟೇಪರನ್ನೂ ಲಿಂಕಿನ ಕಣ್ಣನ್ನೂ ಒಣಬಟ್ಟೆಯಲ್ಲಿ ಒರೆಸಿ ಹಾಕಿದೆವು. ಅಲ್ಲಿ ಎಣ್ಣೆ ಗ್ರೀಸು ಸವರಬಾರದು, ಟೇಪರ್ ಒಣಗಿದ್ದರೇ ಕಚ್ಚುವುದು. ನಟ್ಟು ತಿರುಗಿಸುವಾಗ ಪಿನ್ನೂ ಜೊತೆಗೇ ತಿರುಗತೊಡಗಿತು. ಮೇಲಿನ ವಿಶ್‌ಬೋನಿನ ಮೇಲೆ ಮರದ ತುಂಡಿಟ್ಟು ಸನ್ನೆಕೋಲಿನಿಂದ ಕೆಳಗೆ ಒತ್ತಿ ಹಿಡಿದಾಗ ಟೇಪರ್ ಕಚ್ಚಿಕೊಂಡಿತು. ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ಟುಗಳೆಲ್ಲ ಹೊಸವು. ಒಮ್ಮೆ ಬಿಚ್ಚಿದ ನೈಲಾಕಿನ ಹಿಡಿತ ನಂಬುವಂಥದ್ದಲ್ಲ. ಇತ್ತೀಚೆಗೆ ತಯಾರಾಗುವ ಜಾಯಿಂಟುಗಳಲ್ಲಿ ಬೂಟಿನ ರಬ್ಬರೇ ದುರ್ಬಲ, ಬಿಸಿಲಿಗೆ ಬೇಗ ಸೀಳುತ್ತದೆ. ಲೋಹ ಚೆನ್ನಾಗಿದ್ದರೂ ಬೂಟು ಸೀಳಿದರೆ ಆಯುಷ್ಯ ಮುಗಿದಂತೆಯೇ, ಹೀಗಾಗಿ ಅದನ್ನು ಆಗಾಗ ನೋಡುತ್ತಿರಬೇಕು.

ಹರಿದ ರಬ್ಬರ್ ಬುಷ್ಷುಗಳನ್ನು ಬದಲಾಯಿಸಿ, ಬೋಲ್ಟುಗಳನ್ನು ಕೈಬಿಗಿ ಮಾತ್ರ ಮಾಡಿ, ಕಾರನ್ನು ನೆಲಕ್ಕಿಳಿಸಿ ಹಿಂದೆ ಮುಂದೆ ತಳ್ಳಿ, ಮುಂಭಾಗವನ್ನು ಅದುಮಿ ಬಿಟ್ಟು, ತನ್ನ ಸಹಜ ಎತ್ತರಕ್ಕೆ ಬಂದ ಮೇಲೆ ಪೂರ್ತಿ ಬಿಗಿದೆವು. ಹಬ್ ಬೇರಿಂಗಿಗೆ ಬೇಕಾದ ಆಟ ಬಿಟ್ಟು ಹೊಸ ಸ್ಪ್ಲಿಟ್ ಪಿನ್ ಹಾಕಿದೆವು. ಕೆಳಗಿನ ವಿಶ್‌ಬೋನಿನ ಚಾಸಿ ತುದಿಯನ್ನು ನಾವು ಮುಟ್ಟಿರಲಿಲ್ಲ. ಅಲ್ಲಿರುವ ಶಿಮ್ಮುಗಳೇ, ಅಂದರೆ ತೆಳು ಲೋಹದ ತಗಡುಗಳೇ, ಚಕ್ರದ ವಾಲುವಿಕೆಯನ್ನು ನಿರ್ಧರಿಸುವುದು; ಅವು ಇದ್ದಲ್ಲೇ ಇದ್ದುದರಿಂದ ಜಾಯಿಂಟಿನ ಆಟ ಹೋದೊಡನೆ ಚಕ್ರ ತಾನೇ ನೆಟ್ಟಗಾಯಿತು. ಟೋ-ಇನ್ನನ್ನು, ಅಂದರೆ ಮುಂಚಕ್ರಗಳು ಮುಂದುಗಡೆ ಒಳಕ್ಕೆ ತಿರುಗಿರುವ ಅಳತೆಯನ್ನು, ಮಾತ್ರ ದಾರ ಕಟ್ಟಿ ಅಂದಾಜಿಗೆ ತಂದು, ಆಮೇಲೆ ಮೆಷಿನ್ನಿನಲ್ಲಿ ಕೈಪಿಡಿಯ ಲೆಕ್ಕಕ್ಕೆ ಸರಿಮಾಡಿಸಿದೆವು. ಸವೆದ ಜಾಯಿಂಟು ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟಿಗೆ ಅರ್ಥವಿಲ್ಲ. ಹಿಂದೆ ಅದಕ್ಕೆ ಖರ್ಚಾದ ಹಣವೆಲ್ಲ ದಂಡ.

ಆಮೇಲೆ

ಟಕ್ ಸದ್ದು ಹೋಯಿತು, ಹೊಯ್ದಾಟ ಹೋಯಿತು. ಮೇಷ್ಟ್ರು ಹೆಚ್ಚು ಮೆಚ್ಚಿದ್ದು ಅವರು ದೂರೇ ಹೇಳದಿದ್ದ ಒಂದು ವಿಷಯವನ್ನು: ತಿರುವು ಮುಗಿದ ಮೇಲೆ ಸ್ಟೀರಿಂಗು ತಾನಾಗಿ ನೇರಕ್ಕೆ ಬರತೊಡಗಿತ್ತು. ಟ್ರನಿಯನ್ ನಿಧಾನವಾಗಿ ಬಿಗಿಯಾಗುತ್ತ ಬಂದಿದ್ದರಿಂದ ಹಳೆ ಕಾರಿನ ಸ್ಟೀರಿಂಗ್ ಹೀಗೇ ಇರುತ್ತದೆ ಎಂದು ಅವರು ಒಗ್ಗಿಹೋಗಿದ್ದರು. ಕೆಳಗಿನ ಜಾಯಿಂಟು ಕೊಡುತ್ತಿದ್ದ ಸೂಚನೆ ಅದೊಂದೇ. ಹೆರಾಲ್ಡ್, ಗಜೆಲ್ ಇಟ್ಟುಕೊಂಡವರು ಸದ್ದಿಗೆ ಕಾಯದೆ, ಸ್ಟೀರಿಂಗು ಬಿಟ್ಟಾಗ ಮರಳಿ ಬರುತ್ತದೆಯೇ ಎಂದು ನೋಡಿಕೊಳ್ಳಲಿ. ಮೇಲಿನ ಬಾಲ್ ಜಾಯಿಂಟು ಬಿಚ್ಚಿದಾಗಲೆಲ್ಲ, ಐದು ನಿಮಿಷ ಹೆಚ್ಚು ಹಿಡಿದರೂ ಸರಿ, ಹಬ್ಬನ್ನು ಕೈಯಿಂದ ತಿರುಗಿಸಿ ನೋಡದೆ ಚಕ್ರ ಹಾಕಬೇಡಿ.

ಎರಡೂ ಟ್ರನಿಯನ್ನುಗಳ ಎಣ್ಣೆ ರಂಧ್ರಕ್ಕೆ ಈಗ ನಿಪ್ಪಲ್ ಇಲ್ಲ, ಬೋಲ್ಟಿನಂಥ ಪ್ಲಗ್ ಇದೆ. ಯಾರೂ ದಾರಿಯಲ್ಲಿ ಗ್ರೀಸ್ ಗನ್ ಹಚ್ಚುವಂತಿಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ, ಪ್ಲಗ್ ತೆಗೆದು ಎಣ್ಣೆ ಹಾಕುವ ಕೆಲಸವನ್ನು ಮೇಷ್ಟ್ರು ತಾವೇ ವಹಿಸಿಕೊಂಡಿದ್ದಾರೆ.